ಶ್ವಾಸಕೋಶದ ಕ್ಯಾನ್ಸರ್ ಜೊತೆಗೆ ಎದೆಬಡಿತವೂ ತಾಳ ತಪ್ಪಿದರೆ: ಯಾವ ದಾರಿ, ಯಾವ ಔಷಧ, ಯಾಕೆ

ಶ್ವಾಸಕೋಶದ ಒಂದು ಹಾಲೆ ತೆಗೆದ ಮೂರನೆಯ ದಿನ. ನಿನ್ನೆಯವರೆಗೆ 84ರಲ್ಲಿದ್ದ ಬಡಿತ ಮಾನಿಟರಿನಲ್ಲಿ ಇದ್ದಕ್ಕಿದ್ದಂತೆ 138, 117, 152, 129 ಎಂದು ಕುಣಿಯತೊಡಗುತ್ತದೆ. ರೋಗಿಗೆ ಎದೆ ಢವಢವ ಎನ್ನಬಹುದು, ಏನೂ ಅನ್ನಿಸದೆಯೂ ಇರಬಹುದು. ಇದು ಏಟ್ರಿಯಲ್ ಫಿಬ್ರಿಲೇಷನ್, ಆಸ್ಪತ್ರೆಯ ಮಾತಿನಲ್ಲಿ ‘ಎ.ಎಫ್.’. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ನಡುಗುತ್ತಿರುತ್ತವೆ. ಹಾಲೆ ತೆಗೆದವರಲ್ಲಿ ನೂರಕ್ಕೆ ಸುಮಾರು 10ರಿಂದ 20 ಮಂದಿಗೆ ಇದು ಬರುತ್ತದೆ, ಒಂದು ಕಡೆಯ ಶ್ವಾಸಕೋಶವನ್ನು ಪೂರ್ತಿ ತೆಗೆದವರಲ್ಲಿ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಯೇ ಆಗದವರಿಗೂ ಕೀಮೋ, ಗುರಿ ಔಷಧ (ಕ್ಯಾನ್ಸರ್ ಕೋಶದ ನಿರ್ದಿಷ್ಟ ದೋಷಕ್ಕೆ ಗುರಿಯಿಟ್ಟ ಮಾತ್ರೆ), ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ) ನಡೆಯುವಾಗ ಬರಬಹುದು.

ಎ.ಎಫ್.ಗೆ ಔಷಧಗಳು ಬೇಕಾದಷ್ಟಿವೆ. ತೊಡಕಿರುವುದು ಆಯ್ಕೆಯಲ್ಲಿ. ಹೃದಯಕ್ಕೆ ಒಳ್ಳೆಯದೆನ್ನಿಸಿದ ಮಾತ್ರೆ ಉಳಿದಿರುವ ಶ್ವಾಸಕೋಶವನ್ನು ಕೆಡಿಸಬಹುದು, ಕ್ಯಾನ್ಸರ್ ಮಾತ್ರೆಯ ಮಟ್ಟವನ್ನು ಏರಿಳಿಸಬಹುದು, ಗಡ್ಡೆಯಿಂದ ರಕ್ತ ಸುರಿಸಬಹುದು. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಯಾವ ಔಷಧಕ್ಕೆ ಬಲ ಹೆಚ್ಚು ಎಂಬುದಕ್ಕಿಂತ ಯಾವುದು ಕ್ಯಾನ್ಸರ್ ಚಿಕಿತ್ಸೆಗೆ ಅಡ್ಡ ಬರುವುದಿಲ್ಲ ಎಂಬುದಕ್ಕೇ ಹೆಚ್ಚು ತೂಕ. ಇಲ್ಲಿರುವ ಪ್ರಮಾಣಗಳು ವಯಸ್ಕರಿಗೆ ಸಾಮಾನ್ಯವಾಗಿ ಕೊಡುವಂಥವು. ವೈದ್ಯರೊಂದಿಗೆ ಕೂತು ಮಾತಾಡುವಾಗ ಉಪಯೋಗಕ್ಕೆ ಬರಲಿ ಎಂದು ಕೊಟ್ಟಿದ್ದೇವೆ. ಮನೆಯಲ್ಲಿ ಇದನ್ನು ನೋಡಿ ಮಾತ್ರೆ ಬದಲಿಸಬೇಡಿ.

ಮೊದಲ ಪ್ರಶ್ನೆ: ಇದು ತಾಳದ ಕಾಯಿಲೆಯೇ, ಬೇರೆ ಯಾವುದರದ್ದೋ ಲಕ್ಷಣವೇ?

ಬಡಿತ 120 ಇದೆ, ಆದರೆ ಗಡಿಯಾರದಂತೆ ಕ್ರಮವಾಗಿದೆ ಎಂದರೆ ಅದು ಬಹುಪಾಲು ಸೈನಸ್ ಟ್ಯಾಕಿಕಾರ್ಡಿಯಾ, ಅಂದರೆ ತಾಳ ಸರಿಯಿದ್ದು ವೇಗ ಮಾತ್ರ ಹೆಚ್ಚಿರುವುದು. ಜ್ವರ, ನೋವು, ರಕ್ತಹೀನತೆ, ವಾಂತಿಯಾಗಿ ನೀರು ಕಡಿಮೆಯಾಗಿರುವುದು, ಆಮ್ಲಜನಕ ಇಳಿದಿರುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುವುದು, ಹೃದಯದ ಸುತ್ತಲ ಚೀಲದಲ್ಲಿ ನೀರು ತುಂಬಿರುವುದು, ಇವುಗಳಲ್ಲಿ ಯಾವುದೋ ಒಂದು ಹಿಂದಿರುತ್ತದೆ. ಕ್ಯಾನ್ಸರ್ ಹೃದಯದ ಚೀಲಕ್ಕೆ ಹರಡುವ ಪ್ರಕರಣಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನದೇ ದೊಡ್ಡ ಪಾಲು. ಇಂಥವರಿಗೆ ಬಡಿತ ಇಳಿಸುವ ಮಾತ್ರೆ ಕೊಡುವುದು ಅಪಾಯ. ಚೀಲದಲ್ಲಿ ನೀರು ಒತ್ತುತ್ತಿರುವಾಗ ಹೃದಯ ಪ್ರತಿ ಬಡಿತಕ್ಕೂ ಸ್ವಲ್ಪವೇ ರಕ್ತ ತಳ್ಳಬಲ್ಲದು, ವೇಗ ಹೆಚ್ಚಿಸಿಕೊಂಡು ಹೇಗೋ ನಿಭಾಯಿಸುತ್ತಿರುತ್ತದೆ. ಆ ವೇಗವನ್ನೂ ಕಿತ್ತುಕೊಂಡರೆ ರಕ್ತದೊತ್ತಡ ಕುಸಿಯುತ್ತದೆ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸುವ ಮುನ್ನ ಬಡಿತ ಇಳಿಸುವ ಮೆಟೊಪ್ರೊಲಾಲ್ ಕೊಡುವ ಆತುರ ಬೇಡ.

ಇನ್ನೊಂದು ನಕಲಿ ಇದೆ: ಮಲ್ಟಿಫೋಕಲ್ ಏಟ್ರಿಯಲ್ ಟ್ಯಾಕಿಕಾರ್ಡಿಯಾ. ಬೀಡಿ ಸಿಗರೇಟು ಸೇದಿ ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಬಂದವರಲ್ಲಿ, ಥಿಯೋಫಿಲಿನ್ ಇರುವ ಡೆರಿಫಿಲಿನ್ ಮಾತ್ರೆ ನುಂಗುತ್ತಾ ದಿನಕ್ಕೆ ಐದಾರು ಸಲ ನೆಬ್ಯುಲೈಸರ್ ಹಾಕಿಸಿಕೊಳ್ಳುವವರಲ್ಲಿ ಕಾಣುತ್ತದೆ. ನಾಡಿ ಎ.ಎಫ್.ನಂತೆಯೇ ಅಡ್ಡಾದಿಡ್ಡಿ. ಇ.ಸಿ.ಜಿ.ಯಲ್ಲಿ ಮಾತ್ರ ಮೂರು ಅಥವಾ ಹೆಚ್ಚು ಬಗೆಯ ಪಿ ಅಲೆಗಳು (ಮೇಲಿನ ಕೋಣೆಗಳ ವಿದ್ಯುತ್ ಸಂಕೇತದ ಗುರುತು) ಕಾಣುತ್ತವೆ. ಎ.ಎಫ್.ನಲ್ಲಿ ಪಿ ಅಲೆಯೇ ಇರುವುದಿಲ್ಲ. ಇದಕ್ಕೆ ಶಾಕ್ ಕೊಟ್ಟರೆ ಪ್ರಯೋಜನವಿಲ್ಲ. ಥಿಯೋಫಿಲಿನ್ ನಿಲ್ಲಿಸಿ, ಆಮ್ಲಜನಕ ಸರಿಪಡಿಸಿ, ಮೆಗ್ನೀಸಿಯಂ ತುಂಬಿಸಿದರೆ ಬಹಳಷ್ಟು ಸಲ ತಾನೇ ತಣ್ಣಗಾಗುತ್ತದೆ.

ಮನೆಯಲ್ಲಿ ನಾಡಿ ನೋಡುವಾಗ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರಾ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಕ್ರಮವಾದ ನಾಡಿಗೆ ಸರಿ, ಎ.ಎಫ್.ಗೆ ಆಗಿಬರುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸುವ ಬಡಿತವನ್ನೂ ಪೂರ್ತಿ ನಂಬಬೇಡಿ. ಎ.ಎಫ್.ನಲ್ಲಿ ಕೆಲವು ಬಡಿತಗಳು ಬೆರಳ ತುದಿಗೆ ತಲುಪುವಷ್ಟು ಬಲವಾಗಿರುವುದಿಲ್ಲ, ಹಾಗಾಗಿ ಹೃದಯ 140 ಹೊಡೆಯುತ್ತಿದ್ದರೂ ಯಂತ್ರ 105 ಎನ್ನಬಹುದು.

ಔಷಧಕ್ಕೆ ಕೈಹಾಕುವ ಮುನ್ನ 12 ಲೀಡಿನ ಇ.ಸಿ.ಜಿ., ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಟಿ.ಎಸ್.ಎಚ್. (ಥೈರಾಯ್ಡ್ ಪರೀಕ್ಷೆ) ಮತ್ತು ಎಕೋ ಬೇಕು. ಇಮ್ಯುನೋಥೆರಪಿ ನಡೆಯುತ್ತಿದ್ದರೆ ಹೃದಯ ಸ್ನಾಯುವಿನ ಪೆಟ್ಟು ತೋರಿಸುವ ಟ್ರೊಪೋನಿನ್ ಕೂಡ. ಪೊಟ್ಯಾಸಿಯಂ 4ಕ್ಕೂ ಮೆಗ್ನೀಸಿಯಂ 2ಕ್ಕೂ ಮೇಲಿರಲಿ. ಈ ಪಟ್ಟಿಯಲ್ಲಿ ಜನ ಮರೆಯುವುದು ಮೆಗ್ನೀಸಿಯಂ. ಸಿಸ್‌ಪ್ಲಾಟಿನ್ ಕೊಟ್ಟವರ ಮೂತ್ರಪಿಂಡ ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳದೆ ಸುರಿದುಬಿಡುತ್ತದೆ, ಕೀಮೋ ಮುಗಿದು ತಿಂಗಳುಗಳಾದರೂ ಈ ಸೋರಿಕೆ ನಿಲ್ಲದಿರಬಹುದು. ಅದರ ಮೇಲೆ ಗ್ಯಾಸ್ಟ್ರಿಕ್‌ಗೆಂದು ದಿನಾ ನುಂಗುವ ಪ್ಯಾಂಟೊಪ್ರಜೋಲ್ ಬಹುಕಾಲ ಮುಂದುವರಿದರೆ ಅದೂ ಇಳಿಸುತ್ತದೆ. ಮೆಗ್ನೀಸಿಯಂ ತುಂಬಿಸದೆ ಬರೀ ಪೊಟ್ಯಾಸಿಯಂ ಕೊಡುತ್ತಾ ಹೋದರೆ ಅದೂ ಏರುವುದಿಲ್ಲ, ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ವೇಗ ಇಳಿಸುವುದೋ, ತಾಳವನ್ನೇ ಸರಿಪಡಿಸುವುದೋ

ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗೆ ಬಿದ್ದು ಕೈಕಾಲು ತಣ್ಣಗಾಗಿದ್ದರೆ, ಎದೆನೋವು ಇದ್ದರೆ, ಪ್ರಜ್ಞೆ ಮಂಕಾಗುತ್ತಿದ್ದರೆ ಚರ್ಚೆ ಬೇಕಿಲ್ಲ. ಮಂಪರು ಕೊಟ್ಟು 120ರಿಂದ 200 ಜೂಲ್ ಬೈಫೇಸಿಕ್ ಶಾಕ್. ಶಾಕನ್ನು ಬಡಿತಕ್ಕೆ ಹೊಂದಿಸುವ ‘ಸಿಂಕ್’ ಗುಂಡಿ ಒತ್ತಿದೆಯೇ ಎಂದು ಒಬ್ಬರು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ನೋಡಬೇಕು. ಸಿಂಕ್ ಇಲ್ಲದೆ ಟಿ ಅಲೆಯ ಮೇಲೆ ಬಿದ್ದ ಶಾಕ್ ಎ.ಎಫ್. ಇದ್ದವರನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್‌ಗೆ ದೂಡಬಲ್ಲದು.

ಉಳಿದವರಲ್ಲಿ ವೇಗ ಇಳಿಸಿ ಕಾಯುವುದೇ ಮೊದಲ ಆಯ್ಕೆ ಎಂಬುದು ನಮ್ಮ ನಿಲುವು. ಶಸ್ತ್ರಚಿಕಿತ್ಸೆಯ ನಂತರ ಬಂದ ಎ.ಎಫ್. ಉರಿಯೂತ ಇಳಿದಂತೆ ಬಹುಪಾಲು ತಾನೇ ಹೋಗುತ್ತದೆ, ಆರು ವಾರದೊಳಗೆ ಹೆಚ್ಚಿನವರ ತಾಳ ಸರಿಯಾಗಿರುತ್ತದೆ. ಉರಿಯೂತ ಇರುವಾಗಲೇ ತಾಳ ಸರಿಪಡಿಸಿದರೆ ಮತ್ತೆ ತಪ್ಪುವ ಸಂಭವವೂ ಹೆಚ್ಚು. ಹೃದಯ ಶಸ್ತ್ರಚಿಕಿತ್ಸೆಯಾದವರಲ್ಲಿ ಈ ಎರಡು ದಾರಿಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿ ಉಳಿದ ದಿನಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದು ಶ್ವಾಸಕೋಶದ ಶಸ್ತ್ರಚಿಕಿತ್ಸೆಯಲ್ಲ ಎಂಬುದು ನೆನಪಿರಲಿ, ಆದರೂ ಹಾಸಿಗೆಯ ಪಕ್ಕದ ಅನುಭವ ಅದಕ್ಕೆ ಹೊಂದುತ್ತದೆ.

ಎಷ್ಟಕ್ಕೆ ಇಳಿಸಬೇಕು? ವಿಶ್ರಾಂತಿಯಲ್ಲಿ 110ರ ಒಳಗೆ ಸಾಕು. 80ರ ಒಳಗೇ ತರಬೇಕೆಂಬ ಹಟದಿಂದ ಹೆಚ್ಚಿನ ಲಾಭವಿಲ್ಲವೆಂದು 2010ರ ‘ರೇಸ್-2’ ಅಧ್ಯಯನ ತೋರಿಸಿತು. ಕ್ಯಾನ್ಸರಿನಿಂದ ಸೊರಗಿ ರಕ್ತದೊತ್ತಡ 100ರ ಆಸುಪಾಸಿನಲ್ಲಿರುವವರಿಗೆ ಈ ಸಡಿಲ ಗುರಿಯೇ ವರ.

ತಾಳ ಸರಿಪಡಿಸುವ ದಾರಿ ಹಿಡಿಯಬೇಕಾದವರು ಯಾರೆಂದರೆ, ವೇಗ ಇಳಿದರೂ ಉಬ್ಬಸ ಕಡಿಮೆಯಾಗದವರು, ಹೃದಯದ ಪಂಪಿಂಗ್ ಕುಸಿದವರು, ಎರಡು ಔಷಧ ಕೊಟ್ಟರೂ 130ರ ಕೆಳಗೆ ಬಾರದವರು. ಆಗ ಗಡಿಯಾರ ನೋಡಬೇಕು. ಎ.ಎಫ್. ಶುರುವಾಗಿ 48 ಗಂಟೆ ದಾಟಿದ್ದರೆ ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಯುರೋಪಿನ 2024ರ ಮಾರ್ಗಸೂಚಿ ಈ ಗಡಿಯನ್ನು 24 ಗಂಟೆಗೆ ಇಳಿಸಿದೆ. ದಾಟಿದ್ದರೆ ಮೂರು ವಾರ ರಕ್ತ ತೆಳುವಾಗಿಸಬೇಕು, ಇಲ್ಲವೇ ಅನ್ನನಾಳದ ಮೂಲಕ ಎಕೋ ಮಾಡಿ ಹೆಪ್ಪಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಗಡ್ಡೆ ಅನ್ನನಾಳವನ್ನು ಒತ್ತುತ್ತಿದ್ದರೆ ಆ ಎಕೋ ಕೊಳವೆಯನ್ನು ಬಲವಂತವಾಗಿ ಇಳಿಸಬಾರದು, ಮೊದಲು ಸಿ.ಟಿ. ಸ್ಕ್ಯಾನ್ ತೆರೆದು ನೋಡಿ.

ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್, ಡಿಗಾಕ್ಸಿನ್: ಮೂರರಲ್ಲಿ ಯಾವುದು

ಬೀಟಾ ಬ್ಲಾಕರ್ ಗುಂಪಿನ ಮೆಟೊಪ್ರೊಲಾಲ್ ಅಥವಾ ಬಿಸೊಪ್ರೊಲಾಲ್ ಮೊದಲ ಆಯ್ಕೆ. ಶಿರೆಯ ಮೂಲಕ ಮೆಟೊಪ್ರೊಲಾಲ್ 2.5ರಿಂದ 5 ಮಿ.ಗ್ರಾಂ. ಎರಡು ನಿಮಿಷದಲ್ಲಿ, ಬೇಕಾದರೆ ಮೂರು ಸಲದವರೆಗೆ. ಆಮೇಲೆ ಬಾಯಿಯ ಮೂಲಕ 25 ಮಿ.ಗ್ರಾಂ. ದಿನಕ್ಕೆ ಎರಡು ಬಾರಿಯಿಂದ ಶುರು. ‘ಉಬ್ಬಸ ಇರುವವರಿಗೆ ಬೀಟಾ ಬ್ಲಾಕರ್ ಕೊಡಲೇಬಾರದು’ ಎಂಬ ಹಳೆಯ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಪ್ರೊಪ್ರನಲಾಲ್‌ನಂಥವಕ್ಕೆ ಅದು ನಿಜ. ಹೃದಯದ ಮೇಲೆ ಹೆಚ್ಚು ಕೆಲಸ ಮಾಡುವ ಈ ಎರಡನ್ನು ಸಿ.ಒ.ಪಿ.ಡಿ. ಇರುವವರಿಗೂ ಸಣ್ಣ ಪ್ರಮಾಣದಿಂದ ಕೊಡಬಹುದು. ಎದೆಯಲ್ಲಿ ಸುಯ್ ಸುಯ್ ಎನ್ನುತ್ತಿರುವ ಆಸ್ತಮಾಕ್ಕೆ ಮಾತ್ರ ಬೇಡ. ಶಸ್ತ್ರಚಿಕಿತ್ಸೆಗೆ ಮುನ್ನವೇ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದವರು ಆಪರೇಷನ್ ದಿನವೂ ಅದನ್ನು ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಹೃದಯ ಸಿಡಿದೇಳುತ್ತದೆ, ಎ.ಎಫ್.ಗೆ ಅದೇ ದಾರಿ ಮಾಡಿಕೊಡುತ್ತದೆ.

ಡಿಲ್ಟಿಯಾಜೆಮ್ ಶ್ವಾಸನಾಳವನ್ನು ಬಿಗಿಯುವುದಿಲ್ಲ. ಕೆ.ಜಿ.ಗೆ 0.25 ಮಿ.ಗ್ರಾಂ. ಲೆಕ್ಕದಲ್ಲಿ, 60 ಕೆ.ಜಿ.ಯವರಿಗೆ 15 ಮಿ.ಗ್ರಾಂ., ಎರಡು ನಿಮಿಷದಲ್ಲಿ ನಿಧಾನವಾಗಿ. ಆಮೇಲೆ ಗಂಟೆಗೆ 5ರಿಂದ 15 ಮಿ.ಗ್ರಾಂ. ಆಸ್ತಮಾ ಇದ್ದವರಿಗೆ ಇದೇ ಮೊದಲು. ಆದರೆ ಎಕೋದಲ್ಲಿ ಹೃದಯದ ಪಂಪಿಂಗ್ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಕೂಡದು. ಎರಡನೆಯ ತಗಾದೆ ಯಕೃತ್ತಿನದು. ಸಿಪ್ 3ಎ4 ಎಂಬ ಕಿಣ್ವ ಹಲವು ಕ್ಯಾನ್ಸರ್ ಮಾತ್ರೆಗಳನ್ನು ಕರಗಿಸುತ್ತದೆ, ಡಿಲ್ಟಿಯಾಜೆಮ್ ಆ ಕಿಣ್ವವನ್ನು ತಡೆಯುತ್ತದೆ. ಬ್ರಿಗಾಟಿನಿಬ್ ಎಂಬ ಗುರಿ ಔಷಧ ತೆಗೆದುಕೊಳ್ಳುವವರಿಗೆ ಡಿಲ್ಟಿಯಾಜೆಮ್ ಬೇಡ, ತಪ್ಪಿಸಲಾಗದಿದ್ದರೆ ಬ್ರಿಗಾಟಿನಿಬ್ ಪ್ರಮಾಣವನ್ನು ಸುಮಾರು ಶೇಕಡಾ 40 ಇಳಿಸಬೇಕು. ರಕ್ತ ತೆಳುಗೊಳಿಸುವ ಅಪಿಕ್ಸಬಾನ್ ಮಟ್ಟವನ್ನೂ ಡಿಲ್ಟಿಯಾಜೆಮ್ ಸುಮಾರು ಶೇಕಡಾ 40 ಏರಿಸುತ್ತದೆ. ಇನ್ನೊಂದು ತಪ್ಪು ರಾತ್ರಿಪಾಳಿಯಲ್ಲಿ ಆಗುತ್ತದೆ: ಮೆಟೊಪ್ರೊಲಾಲ್ ಇಂಜೆಕ್ಷನ್ ಕೆಲಸ ಮಾಡಲಿಲ್ಲವೆಂದು ಹಿಂದೆಯೇ ಡಿಲ್ಟಿಯಾಜೆಮ್ ಇಂಜೆಕ್ಷನ್ ಕೊಡುವುದು. ಎರಡೂ ಸೇರಿ ಹೃದಯದ ವಿದ್ಯುತ್ ದಾರಿಯನ್ನೇ ಮುಚ್ಚಿಬಿಡಬಹುದು.

ಡಿಗಾಕ್ಸಿನ್ ಈಗ ಮೂರನೆಯ ಸಾಲಿನದು. ರಕ್ತದೊತ್ತಡ ತೀರಾ ಕಡಿಮೆ ಇದ್ದು ಬೇರೆ ಯಾವುದೂ ಕೊಡಲಾಗದಾಗ 0.125 ಮಿ.ಗ್ರಾಂ. ಕೊಡುತ್ತಾರೆ. ಓಡಾಡುವ ರೋಗಿಯಲ್ಲಿ, ಆಪರೇಷನ್ ಆದ ಮರುದಿನಗಳ ಒತ್ತಡದಲ್ಲಿ ಇದಕ್ಕೆ ಅಷ್ಟು ಹಿಡಿತವಿಲ್ಲ. ಸಿಸ್‌ಪ್ಲಾಟಿನ್‌ನಿಂದ ಮೂತ್ರಪಿಂಡ ದಣಿದಿದ್ದರೆ ರಕ್ತದಲ್ಲಿ ಶೇಖರವಾಗುತ್ತದೆ. ಡಿಗಾಕ್ಸಿನ್ ವಿಷವೇರಿದರೆ ಮೊದಲು ಕಾಣುವುದು ಹಸಿವಿಲ್ಲದಿರುವುದು, ವಾಕರಿಕೆ. ಕೀಮೋ ರೋಗಿಯಲ್ಲಿ ಅದನ್ನು ಯಾರು ಬೇರೆಯಾಗಿ ಗುರುತಿಸುತ್ತಾರೆ? ಹಾಗಾಗಿ ಕೊಟ್ಟರೆ ರಕ್ತದ ಮಟ್ಟ 0.5ರಿಂದ 0.9 ನ್ಯಾನೋಗ್ರಾಂ ನಡುವೆ ಇದೆಯೇ ಎಂದು ನೋಡಬೇಕು.

ಆಮಿಯೋಡರೋನ್: ಕೆಲಸಗಾರ, ಆದರೆ ಬಾಡಿಗೆ ದುಬಾರಿ

ತಾಳ ಸರಿಪಡಿಸುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ರಕ್ತದೊತ್ತಡವನ್ನು ಅಷ್ಟಾಗಿ ಕೆಡಿಸುವುದಿಲ್ಲ, ದುರ್ಬಲ ಹೃದಯಕ್ಕೂ ಆಗುತ್ತದೆ. 150 ಮಿ.ಗ್ರಾಂ. ಅನ್ನು ಶೇಕಡಾ 5 ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ 10 ನಿಮಿಷದಲ್ಲಿ, ನಂತರ ನಿಮಿಷಕ್ಕೆ 1 ಮಿ.ಗ್ರಾಂ. ಆರು ಗಂಟೆ, ಆಮೇಲೆ 0.5 ಮಿ.ಗ್ರಾಂ. ಹದಿನೆಂಟು ಗಂಟೆ. ಕೈಯ ಸಣ್ಣ ಶಿರೆಯಲ್ಲಿ ಬಿಟ್ಟರೆ ಶಿರೆ ಕೆಂಪಾಗಿ ಹಗ್ಗದಂತೆ ಗಟ್ಟಿಯಾಗುತ್ತದೆ, ಬಹಳ ಹೊತ್ತು ಕೊಡುವುದಿದ್ದರೆ ದೊಡ್ಡ ಶಿರೆಯ ಲೈನ್ ಬೇಕು.

ದುಬಾರಿ ಬಾಡಿಗೆ ಎಂದದ್ದು ಶ್ವಾಸಕೋಶಕ್ಕೆ. ಈ ಔಷಧ ಶ್ವಾಸಕೋಶದಲ್ಲಿ ಉರಿಯೂತ, ಗಾಯದ ಗಂಟು ಉಂಟುಮಾಡಬಲ್ಲದು. ಬಲಗಡೆಯ ಶ್ವಾಸಕೋಶವನ್ನು ಪೂರ್ತಿ ತೆಗೆದವರಿಗೆ ಆಮಿಯೋಡರೋನ್ ಕೊಟ್ಟಾಗ ತೀವ್ರ ಉಸಿರಾಟದ ವೈಫಲ್ಯ ಕಂಡುಬಂದು 1990ರ ದಶಕದಲ್ಲೇ ಒಂದು ಪ್ರಯೋಗ ಅರ್ಧಕ್ಕೆ ನಿಂತಿತು. ಇನ್ನೂ ತಲೆನೋವಿನ ಸಂಗತಿ ರೋಗನಿರ್ಣಯದ್ದು. ಎರಡು ತಿಂಗಳ ನಂತರ ಸಿ.ಟಿ.ಯಲ್ಲಿ ಮಂಜು ಕವಿದಂಥ ಕಲೆ ಕಂಡಿತೆನ್ನಿ. ಅದು ರೇಡಿಯೇಷನ್ನಿನದೋ, ಒಸಿಮೆರ್ಟಿನಿಬ್ ಎಂಬ ಗುರಿ ಔಷಧದ್ದೋ, ಇಮ್ಯುನೋಥೆರಪಿಯದೋ, ಸೋಂಕೋ, ಆಮಿಯೋಡರೋನೋ? ಚಿತ್ರ ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ. ಅನುಮಾನದ ಮೇಲೆ ಕ್ಯಾನ್ಸರ್ ಔಷಧವನ್ನೇ ನಿಲ್ಲಿಸಬೇಕಾದ ಪರಿಸ್ಥಿತಿ ಬರುತ್ತದೆ. ಆಮಿಯೋಡರೋನ್ ನಿಲ್ಲಿಸಿದರೂ ದೇಹ ಬಿಟ್ಟುಹೋಗಲು ವಾರಗಳಲ್ಲ, ತಿಂಗಳುಗಳು ಬೇಕು. ಥೈರಾಯ್ಡ್ ಕೆಡಿಸುವುದರಲ್ಲೂ ಇಮ್ಯುನೋಥೆರಪಿಯ ಜೊತೆ ಪೈಪೋಟಿ.

ಆದ್ದರಿಂದ ನಮ್ಮ ಆಯ್ಕೆ ಹೀಗೆ: ಬೇಕೇಬೇಕಾದರೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಡಿಸ್ಚಾರ್ಜ್ ಚೀಟಿಯಲ್ಲಿ ನಿಲ್ಲಿಸುವ ತಾರೀಖನ್ನು ಬರೆದೇ ಕಳಿಸಬೇಕು. ‘ಮುಂದಿನ ಭೇಟಿಯವರೆಗೆ’ ಎಂದು ಬರೆದರೆ ಆ ಮಾತ್ರೆ ಎರಡು ವರ್ಷ ನಡೆಯುತ್ತದೆ. ರಕ್ತ ತೆಳುಗೊಳಿಸುವ ವಾರ್ಫರಿನ್ ಜೊತೆಗಿದ್ದರೆ ಅದನ್ನು ಶೇಕಡಾ 30ರಿಂದ 50, ಡಿಗಾಕ್ಸಿನ್ ಇದ್ದರೆ ಅರ್ಧಕ್ಕೆ ಇಳಿಸಬೇಕು.

ತಾಳ ಸರಿಪಡಿಸುವ ಇನ್ನೊಂದು ಔಷಧ ಸೊಟಲಾಲ್. ಅದು ಶ್ವಾಸನಾಳವನ್ನೂ ಬಿಗಿಯುತ್ತದೆ, ಕ್ಯೂಟಿಯನ್ನೂ (ಪ್ರತಿ ಬಡಿತದ ನಂತರ ಹೃದಯ ವಿದ್ಯುತ್ತಿನಲ್ಲಿ ಸುಧಾರಿಸಿಕೊಳ್ಳುವವರೆಗಿನ ಇ.ಸಿ.ಜಿ. ಅಂತರ) ಉದ್ದ ಮಾಡುತ್ತದೆ, ಇವರಿಗೆ ಹೊಂದುವುದಿಲ್ಲ. ಎ.ಎಫ್. ಬಾರದಂತೆ ಉರಿಯೂತ ಇಳಿಸುವ ಕೋಲ್ಚಿಸಿನ್ ಕೊಡುವ ಆಸೆಯೂ ಇತ್ತು. 2023ರಲ್ಲಿ ಪ್ರಕಟವಾದ 3,200ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ, ಭೇದಿ ಮಾತ್ರ ಹೆಚ್ಚಾಯಿತು.

ರಕ್ತ ತೆಳುಗೊಳಿಸುವ ಔಷಧ: ಇಲ್ಲಿಯೇ ಹೆಚ್ಚು ಯೋಚಿಸಬೇಕು

ಎ.ಎಫ್.ನಿಂದ ಪಾರ್ಶ್ವವಾಯು ಆಗದಂತೆ ತಡೆಯಲು ಇದು ಬೇಕು. ಯಾರಿಗೆ ಬೇಕೆಂದು ಅಂಕ ಹಾಕುತ್ತಾರೆ: ವಯಸ್ಸು 75 ತುಂಬಿದ್ದರೆ 2, 65ರಿಂದ 74ಕ್ಕೆ 1, ಬಿ.ಪಿ., ಸಕ್ಕರೆ ಕಾಯಿಲೆ, ಹೃದಯ ವೈಫಲ್ಯ, ರಕ್ತನಾಳದ ಕಾಯಿಲೆಗೆ ತಲಾ 1, ಹಿಂದೆ ಪಾರ್ಶ್ವವಾಯು ಆಗಿದ್ದರೆ 2. ಒಟ್ಟು 2 ಅಥವಾ ಹೆಚ್ಚಾದರೆ ಔಷಧ ಖಂಡಿತ, 1 ಇದ್ದರೆ ಯೋಚಿಸಿ. ಈ ಲೆಕ್ಕದಲ್ಲಿ ಕ್ಯಾನ್ಸರಿಗೆ ಅಂಕವೇ ಇಲ್ಲ, ಆದರೆ ಕ್ಯಾನ್ಸರ್ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಸುರಿಸುತ್ತದೆ ಕೂಡ. ಹಾಗಾಗಿ ಅಂಕ ಬರೀ ಆರಂಭ. ಆಪರೇಷನ್ ನಂತರದ ಎ.ಎಫ್. 48 ಗಂಟೆಗಿಂತ ಹೆಚ್ಚು ಉಳಿದರೆ, ರಕ್ತಸ್ರಾವದ ಭಯವಿಲ್ಲವೆಂದು ಸರ್ಜನ್ ಒಪ್ಪಿದರೆ, ಸಾಮಾನ್ಯವಾಗಿ ತಾಳ ಸರಿಹೋದ ಮೇಲೂ ನಾಲ್ಕು ವಾರ ಕೊಡುತ್ತಾರೆ.

ಮೊದಲು ಮಿಟ್ರಲ್ ಕವಾಟ ನೋಡಿ. ನಮ್ಮ ಕಡೆ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರು ಇನ್ನೂ ಇದ್ದಾರೆ. ಅದು ಮಧ್ಯಮ ಅಥವಾ ತೀವ್ರವಾಗಿದ್ದರೆ, ಅಥವಾ ಲೋಹದ ಕವಾಟ ಕೂರಿಸಿದ್ದರೆ ವಾರ್ಫರಿನ್ ಗುಂಪಿನದೇ ಆಗಬೇಕು. ಹೊಸ ಮಾತ್ರೆಗಳು ಅಲ್ಲಿ ಕೈಕೊಡುತ್ತವೆ.

ಕವಾಟ ಸರಿಯಿದ್ದರೆ ಅಪಿಕ್ಸಬಾನ್ 5 ಮಿ.ಗ್ರಾಂ. ದಿನಕ್ಕೆರಡು ಸಲ ನಮ್ಮ ಮೊದಲ ಆಯ್ಕೆ. ಮೂತ್ರಪಿಂಡದ ಮೇಲಿನ ಹೊರೆ ಕಡಿಮೆ, ನುಂಗಲಾಗದಿದ್ದರೆ ಪುಡಿಮಾಡಿ ಮೂಗಿನ ಕೊಳವೆಯಲ್ಲಿ ಹಾಕಬಹುದು. 80 ವರ್ಷ ತುಂಬಿರುವುದು, ತೂಕ 60 ಕೆ.ಜಿ. ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡಿದ್ದರೆ ಮಾತ್ರ 2.5 ಮಿ.ಗ್ರಾಂ. ನಮ್ಮ ರೋಗಿಗಳಲ್ಲಿ ಅನೇಕರು 48, 52 ಕೆ.ಜಿ.ಯವರು. ತೂಕವೊಂದನ್ನೇ ನೋಡಿ ಪ್ರಮಾಣ ಅರ್ಧ ಮಾಡುವುದು ತಪ್ಪು, ಪಾರ್ಶ್ವವಾಯುವಿನಿಂದ ರಕ್ಷಣೆಯೂ ಅರೆಬರೆಯಾಗುತ್ತದೆ.

ರಿವರಾಕ್ಸಬಾನ್ ದಿನಕ್ಕೊಂದು ಸಲ ಎಂಬುದು ಅನುಕೂಲ. ಆದರೆ 20 ಅಥವಾ 15 ಮಿ.ಗ್ರಾಂ. ಮಾತ್ರೆ ಹೊಟ್ಟೆತುಂಬ ಊಟದ ಜೊತೆಗೇ ಹೋಗಬೇಕು, ಇಲ್ಲದಿದ್ದರೆ ಪೂರ್ತಿ ಹೀರುವುದಿಲ್ಲ. ಕೀಮೋ ವಾರದಲ್ಲಿ ಎರಡು ತುತ್ತು ಗಂಜಿ ಸೇರಿದರೆ ಹೆಚ್ಚು ಎನ್ನುವವರಿಗೆ ಇದು ಹೊಂದುವುದಿಲ್ಲ. ಡಬಿಗಾಟ್ರಾನ್ ಹೆಚ್ಚುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು, ಹೊಟ್ಟೆ ಉರಿಸುತ್ತದೆ, ಕ್ಯಾಪ್ಸೂಲ್ ಬಿಚ್ಚುವಂತಿಲ್ಲ. ಒಸಿಮೆರ್ಟಿನಿಬ್ ಅದರ ಮಟ್ಟವನ್ನು ಏರಿಸಬಹುದು. ಈ ಕಾಯಿಲೆಯಲ್ಲಿ ಅದನ್ನು ಆರಿಸಲು ಕಾರಣವೇ ಸಿಗುವುದಿಲ್ಲ.

ವಾರ್ಫರಿನ್ ಅಗ್ಗ, ಹಳೆಯದು, ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐ.ಎನ್.ಆರ್. 2ರಿಂದ 3ರೊಳಗೆ ನಿಲ್ಲಬೇಕು. ಕೀಮೋ ನಡೆಯುವಾಗ ಅದು ನಿಲ್ಲುವುದೇ ಇಲ್ಲ. ಒಂದು ವಾರ ವಾಂತಿ, ಮುಂದಿನ ವಾರ ಸೊಪ್ಪಿನ ಸಾರು, ಬಾಯಿಹುಣ್ಣಿಗೆ ಫ್ಲುಕೊನಜೋಲ್, ಪ್ರತಿಯೊಂದೂ ಐ.ಎನ್.ಆರ್. ಅನ್ನು ಎಳೆದಾಡುತ್ತದೆ. ಗೆಫಿಟಿನಿಬ್, ಎರ್ಲೋಟಿನಿಬ್ ಕೂಡ ಏರಿಸುತ್ತವೆ.

ಎನಾಕ್ಸಪರಿನ್ ಇಂಜೆಕ್ಷನ್ ಕೆ.ಜಿ.ಗೆ 1 ಮಿ.ಗ್ರಾಂ., ದಿನಕ್ಕೆ ಎರಡು ಸಲ. ಮಾತ್ರೆಗಳೊಡನೆ ಜಗಳವಿಲ್ಲ, ವಾಂತಿಯಿಂದ ಬಾಧೆಯಿಲ್ಲ. ಪ್ಲೇಟ್‌ಲೆಟ್ ಏರಿಳಿಯುವ ದಿನಗಳಲ್ಲಿ, ಬಯಾಪ್ಸಿ ಅಥವಾ ಎದೆಯ ನೀರು ತೆಗೆಯುವ ಮುನ್ನಾದಿನಗಳಲ್ಲಿ ಇದು ಅನುಕೂಲ. ಸಿರಿಂಜಿನಲ್ಲಿ 60 ಮಿ.ಗ್ರಾಂ. ಎಂದರೆ 0.6 ಮಿ.ಲೀ.; 50 ಬೇಕಾದರೆ 0.1 ಮಿ.ಲೀ. ಹೊರಹಾಕಿ. ಪೂರ್ತಿ ಸಿರಿಂಜ್ ಕೊಡುವುದಿದ್ದರೆ ಒಳಗಿನ ಗಾಳಿಗುಳ್ಳೆಯನ್ನು ಹೊರತಳ್ಳಬೇಡಿ, ಕೊನೆಯ ಹನಿಯವರೆಗೆ ಔಷಧ ಒಳಹೋಗಲೆಂದೇ ಅದನ್ನು ಬಿಟ್ಟಿರುತ್ತಾರೆ. ಹೊಕ್ಕುಳಿನಿಂದ ಎರಡು ಇಂಚು ದೂರ, ಚರ್ಮವನ್ನು ಚಿವುಟಿ ಹಿಡಿದು, ಸೂಜಿ ನೇರವಾಗಿ; ಆಮೇಲೆ ಉಜ್ಜಬೇಡಿ, ಉಜ್ಜಿದರೆ ಅಂಗೈಯಗಲ ನೀಲಿಗಟ್ಟುತ್ತದೆ. ಮೂತ್ರಪಿಂಡ ತೀರಾ ಕುಗ್ಗಿದ್ದರೆ ಪ್ರಮಾಣ ಇಳಿಸಬೇಕು.

ಪ್ಲೇಟ್‌ಲೆಟ್ 50,000ದ ಮೇಲಿದ್ದರೆ ಪೂರ್ತಿ ಪ್ರಮಾಣ, 25,000ದಿಂದ 50,000ದ ನಡುವೆ ಅರ್ಧ ಅಥವಾ ರೋಗಿ ನೋಡಿ ತೀರ್ಮಾನ, 25,000ದ ಕೆಳಗೆ ನಿಲ್ಲಿಸಿ. ಗಡ್ಡೆ ಶ್ವಾಸನಾಳದ ಬಾಯಲ್ಲೇ ಇದ್ದು, ಸ್ಕ್ವಾಮಸ್ ಬಗೆಯದಾಗಿದ್ದು, ಕಫದಲ್ಲಿ ಚಮಚದಷ್ಟು ಕೆಂಪುರಕ್ತ ಬರುತ್ತಿದ್ದರೆ ಯಾವ ಅಂಕವೂ ಲೆಕ್ಕಕ್ಕಿಲ್ಲ. ಮೊದಲು ರಕ್ತ ನಿಲ್ಲಿಸಬೇಕು.

ಟಿ.ಬಿ. ಮಾತ್ರೆ ಎಂಬ ಅಡಗಿದ ಕಲ್ಲು

ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರಿಗೆ ಮೊದಲು ಟಿ.ಬಿ. ಎಂದು ಮಾತ್ರೆ ಶುರುವಾಗಿರುತ್ತದೆ, ಕೆಲವರಿಗೆ ಎರಡೂ ಇರುತ್ತವೆ. ಅದರಲ್ಲಿರುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನೂ ಔಷಧವನ್ನು ಹೊರತಳ್ಳುವ ಪಂಪ್‌ಗಳನ್ನೂ ಬಡಿದೆಬ್ಬಿಸಿ ಅಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಾಟ್ರಾನ್, ವಾರ್ಫರಿನ್ ಎಲ್ಲದರ ಮಟ್ಟವನ್ನೂ ಇಳಿಸುತ್ತದೆ. ಗೆಫಿಟಿನಿಬ್, ಒಸಿಮೆರ್ಟಿನಿಬ್ ಕೂಡ ಇಳಿಯುತ್ತವೆ. ತಪ್ಪಿಸಲಾಗದಿದ್ದರೆ ಒಸಿಮೆರ್ಟಿನಿಬ್ ಅನ್ನು 80ರಿಂದ 160 ಮಿ.ಗ್ರಾಂ.ಗೆ ಏರಿಸಿ, ರಿಫಾಂಪಿಸಿನ್ ನಿಂತ ಮೂರು ವಾರದ ಮೇಲೆ 80ಕ್ಕೆ ಮರಳಿಸುತ್ತಾರೆ. ಲೊರ್ಲಾಟಿನಿಬ್ ಎಂಬ ಇನ್ನೊಂದು ಗುರಿ ಔಷಧದ ಜೊತೆಗಂತೂ ರಿಫಾಂಪಿಸಿನ್ ಕೂಡಲೇಕೂಡದು, ಯಕೃತ್ತಿಗೆ ತೀವ್ರ ಪೆಟ್ಟಾಗುತ್ತದೆ. ಇಂಥವರಿಗೆ ರಕ್ತ ತೆಳುಗೊಳಿಸಲು ನಿಶ್ಚಿಂತೆಯ ಆಯ್ಕೆ ಎನಾಕ್ಸಪರಿನ್.

ಮೆದುಳಿಗೆ ಹರಡಿದಾಗ ಫಿಟ್ಸ್ ತಡೆಯಲು ಕೊಡುವ ಫೆನಿಟಾಯಿನ್ ಇದೇ ಜಾತಿಯದು. ಅದನ್ನು ಲೆವೆಟಿರಾಸಿಟಮ್‌ಗೆ ಬದಲಿಸಿದರೆ ಅರ್ಧ ಗೊಂದಲ ಮುಗಿಯುತ್ತದೆ. ಇದಕ್ಕೆ ಉಲ್ಟಾ ಕೆಲಸ ಚಕ್ಕೋತದ್ದು. ಗ್ರೇಪ್‌ಫ್ರೂಟ್‌ನ ಹತ್ತಿರದ ನೆಂಟ. ಕರುಳಿನ ಕಿಣ್ವವನ್ನು ತಡೆದು ಮಾತ್ರೆಯ ಮಟ್ಟ ಏರಿಸಬಹುದು. ಕ್ಯಾನ್ಸರ್ ಮಾತ್ರೆ ನಡೆಯುವಷ್ಟು ದಿನ ದೇವನಹಳ್ಳಿಯ ಚಕ್ಕೋತ ಮನೆಯ ಉಳಿದವರಿಗಿರಲಿ.

ಕ್ಯಾನ್ಸರ್ ಮಾತ್ರೆಯೇ ತಾಳ ಕೆಡಿಸಿದಾಗ

ಕ್ರಿಜೋಟಿನಿಬ್, ಅಲೆಕ್ಟಿನಿಬ್ ಬಡಿತವನ್ನು ಇಳಿಸುತ್ತವೆ. 48 ಇದ್ದರೂ ತಲೆಸುತ್ತಿಲ್ಲ, ಓಡಾಡುತ್ತಿದ್ದಾರೆ ಎಂದರೆ ಸುಮ್ಮನೆ ಗಮನಿಸಿದರೆ ಸಾಕು. ತಲೆಸುತ್ತು, ಕಣ್ಣು ಕತ್ತಲೆ ಬಂದರೆ 60 ತಲುಪುವವರೆಗೆ ಮಾತ್ರೆ ನಿಲ್ಲಿಸಿ, ಜೊತೆಗೆ ಬೀಟಾ ಬ್ಲಾಕರ್ ಅಥವಾ ಡಿಲ್ಟಿಯಾಜೆಮ್ ಇದೆಯೇ ಹುಡುಕಿ. ಇದ್ದರೆ ಅದನ್ನು ತೆಗೆದು ಕ್ಯಾನ್ಸರ್ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲೇ ಮತ್ತೆ ಶುರುಮಾಡಬಹುದು. ಲೊರ್ಲಾಟಿನಿಬ್ ಮೇಲಿನ ಕೋಣೆಯಿಂದ ಕೆಳಗೆ ಸಂಕೇತ ಹೋಗುವುದನ್ನು ತಡಮಾಡುತ್ತದೆ, ಇ.ಸಿ.ಜಿ.ಯ ಪಿಆರ್ ಅಂತರ ನೋಡುತ್ತಿರಬೇಕು.

ಒಸಿಮೆರ್ಟಿನಿಬ್‌ನ ವಿಷಯದಲ್ಲಿ ನೋಡಬೇಕಾದದ್ದು ಕ್ಯೂಟಿಸಿ, ಅಂದರೆ ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ. ಇಲ್ಲಿ ಒಂದು ಲೆಕ್ಕ ಮಾಡಿಯೇ ತೋರಿಸಬೇಕು. ಕ್ಯೂಟಿ 400 ಮಿಲಿಸೆಕೆಂಡು, ಬಡಿತ 90 ಇದೆಯೆನ್ನಿ. ಎರಡು ಬಡಿತಗಳ ಅಂತರ 60 ಭಾಗಿಸು 90, ಅಂದರೆ 0.667 ಸೆಕೆಂಡು. ಇ.ಸಿ.ಜಿ. ಯಂತ್ರ ಸಾಮಾನ್ಯವಾಗಿ ಬಜೆಟ್ ಎಂಬವರ ಸೂತ್ರ ಹಚ್ಚುತ್ತದೆ: 400 ಅನ್ನು 0.667ರ ವರ್ಗಮೂಲದಿಂದ ಭಾಗಿಸಿದರೆ 490. ಫ್ರಿಡೆರಿಸಿಯಾ ಸೂತ್ರದಲ್ಲಿ ಘನಮೂಲ: 458. ಅದೇ ಕಾಗದ, ಅದೇ ಹೃದಯ. ಒಂದು ಸಂಖ್ಯೆ ನೋಡಿದರೆ ಔಷಧ ನಿಲ್ಲಿಸುವ ಅಂಚಿಗೆ ಬಂದಂತೆ, ಇನ್ನೊಂದರಲ್ಲಿ ಚಿಂತೆಯಿಲ್ಲ. ಬಡಿತ ವೇಗವಿದ್ದಾಗ ಬಜೆಟ್ ಸೂತ್ರ ಉತ್ಪ್ರೇಕ್ಷೆ ಮಾಡುತ್ತದೆ, ಕ್ಯಾನ್ಸರ್ ರೋಗಿಗಳ ಬಡಿತ ಸಾಮಾನ್ಯವಾಗಿ ವೇಗವೇ. ಯುರೋಪಿನ ಹೃದಯತಜ್ಞರ 2022ರ ಕಾರ್ಡಿಯೋ-ಆಂಕಾಲಜಿ ಮಾರ್ಗಸೂಚಿ ಫ್ರಿಡೆರಿಸಿಯಾವನ್ನೇ ಬಳಸಲು ಹೇಳುತ್ತದೆ. ಎ.ಎಫ್. ಇದ್ದಾಗ ಒಂದೇ ಬಡಿತ ಅಳೆಯದೆ ಹತ್ತು ಬಡಿತಗಳ ಸರಾಸರಿ ತೆಗೆಯಿರಿ.

ಎರಡು ಬೇರೆ ಬೇರೆ ಇ.ಸಿ.ಜಿ.ಯಲ್ಲಿ 500 ದಾಟಿದರೆ ಒಸಿಮೆರ್ಟಿನಿಬ್ ನಿಲ್ಲಿಸಿ, 481ರ ಕೆಳಗೆ ಬಂದ ಮೇಲೆ 40 ಮಿ.ಗ್ರಾಂ.ನಿಂದ ಮತ್ತೆ ಶುರು. ಅದಕ್ಕೂ ಮುನ್ನ ಜೊತೆಗಾರರನ್ನು ಹುಡುಕಿ. ವಾಂತಿಗೆ ಒಂಡಾನ್ಸೆಟ್ರಾನ್, ಗ್ಯಾಸ್ಟ್ರಿಕ್ ಮಾತ್ರೆಯೊಳಗೇ ಅಡಗಿದ ಡೊಂಪೆರಿಡೋನ್, ಕೆಮ್ಮಿಗೆಂದು ಅಂಗಡಿಯಲ್ಲಿ ಕೇಳಿ ತಂದ ಅಜಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್, ಗಲಿಬಿಲಿಗೆ ಹ್ಯಾಲೊಪೆರಿಡಾಲ್: ಎಲ್ಲವೂ ಕ್ಯೂಟಿ ಉದ್ದ ಮಾಡುವಂಥವೇ. ವಾಂತಿಗೆ ಪ್ಯಾಲೊನೊಸೆಟ್ರಾನ್, ಡೆಕ್ಸಮೆಥಸೋನ್ ಬದಲಿ. ಟಾರ್ಸಾಡ್ ಎಂಬ ಸುರುಳಿ ಬಡಿತ ಶುರುವಾದರೆ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ಶಿರೆಯಲ್ಲಿ, ಅಂದರೆ ಶೇಕಡಾ 50ರ 2 ಮಿ.ಲೀ. ಆಂಪ್ಯೂಲ್ ಎರಡು, ದುರ್ಬಲಗೊಳಿಸಿ. ನಾಡಿ ಇಲ್ಲದಿದ್ದರೆ ತಕ್ಷಣ ಶಾಕ್. ಅಲ್ಲಿ ಆಮಿಯೋಡರೋನ್ ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ.

ಇಮ್ಯುನೋಥೆರಪಿಯದ್ದು ಬೇರೆಯೇ ಕಥೆ. ಪೆಂಬ್ರೊಲಿಜುಮಾಬ್, ನಿವೊಲುಮಾಬ್, ಅಟೆಜೊಲಿಜುಮಾಬ್, ದುರ್ವಾಲುಮಾಬ್ ಪಡೆದವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಹೃದಯ ಸ್ನಾಯುವಿಗೇ ಉರಿಯೂತ ಬರುತ್ತದೆ, ಬಹುತೇಕ ಮೊದಲ ಮೂರು ತಿಂಗಳೊಳಗೆ. ರೆಪ್ಪೆ ಜೋಲುವುದು, ತೊಡೆಯಲ್ಲಿ ಶಕ್ತಿಯಿಲ್ಲದಿರುವುದು ಜೊತೆಗಿರಬಹುದು. ಹೊಸದಾಗಿ ತಾಳ ತಪ್ಪಿ ಟ್ರೊಪೋನಿನ್ ಏರಿದ್ದರೆ ಅದನ್ನು ಬರೀ ಎ.ಎಫ್. ಎಂದುಕೊಂಡು ಮನೆಗೆ ಕಳಿಸಬಾರದು. ಇಮ್ಯುನೋಥೆರಪಿ ನಿಲ್ಲಿಸಿ ಮೀಥೈಲ್‌ಪ್ರೆಡ್ನಿಸೊಲೋನ್ 500ರಿಂದ 1000 ಮಿ.ಗ್ರಾಂ. ದಿನಕ್ಕೊಮ್ಮೆ, ಮೂರರಿಂದ ಐದು ದಿನ. ಎಂ.ಆರ್.ಐ.ಗಾಗಿ ಕಾಯುವುದು ಬೇಡ. ಪಿಆರ್ ಅಂತರ ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ ತಾತ್ಕಾಲಿಕ ಪೇಸ್‌ಮೇಕರ್ ಸೌಲಭ್ಯ ಇರುವ ಕಡೆಗೆ ಅದೇ ದಿನ ಸಾಗಿಸಿ. ಟಿ.ಎಸ್.ಎಚ್. ನೋಡಿರೆಂದದ್ದೂ ಇದಕ್ಕೇ: ಇದೇ ಔಷಧಗಳು ಥೈರಾಯ್ಡ್ ಕೆರಳಿಸಿ ಎ.ಎಫ್. ತರಬಲ್ಲವು.

ಪೇಸ್‌ಮೇಕರ್ ಮೊದಲೇ ಇದ್ದವರಿಗೆ ರೇಡಿಯೇಷನ್ ಕೊಡುವಾಗ 10 ಎಂ.ವಿ. (ಮೆಗಾವೋಲ್ಟ್)ಗಿಂತ ಹೆಚ್ಚಿನ ಶಕ್ತಿಯ ಕಿರಣ ಬಳಸಬಾರದು, ಅದರಿಂದ ಹುಟ್ಟುವ ನ್ಯೂಟ್ರಾನ್ ಯಂತ್ರದ ಮೆದುಳನ್ನೇ ಕೆಡಿಸಬಹುದು. ಯಂತ್ರಕ್ಕೆ ಬೀಳುವ ಪ್ರಮಾಣ 5 ಗ್ರೇ ದಾಟುವಂತಿದ್ದರೆ ಜಾಗ ಬದಲಿಸುವ ಮಾತು ಬರುತ್ತದೆ. ಪೇಸ್‌ಮೇಕರ್ ಸಾಮಾನ್ಯವಾಗಿ ಎಡಗಡೆಯ ಕಾಲರ್ ಮೂಳೆಯ ಕೆಳಗಿರುವುದರಿಂದ ಎಡ ಮೇಲ್ಹಾಲೆಯ ಗಡ್ಡೆಗಳಲ್ಲೇ ಈ ತಾಪತ್ರಯ.

ರೋಗಿ ಕೈಯಲ್ಲಿಟ್ಟುಕೊಳ್ಳಬೇಕಾದ ಚೀಟಿ

ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಹೊಸೂರು ರಸ್ತೆಯ ಕಿದ್ವಾಯಿ, ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ ಎಂದು ಎರಡು ಕಡೆ ಓಡಾಡುವವರಿದ್ದಾರೆ. ಎಲ್ಲಿ ಎರಡು ಆಸ್ಪತ್ರೆ ಇವೆಯೋ ಅಲ್ಲಿ ಎರಡು ಫೈಲು; ಒಂದರ ಮಾತ್ರೆ ಇನ್ನೊಂದರಲ್ಲಿ ಇರುವುದಿಲ್ಲ. ಒಂದೇ ಹಾಳೆಯಲ್ಲಿ ಇಷ್ಟನ್ನು ಬರೆದು ಎರಡೂ ಕಡೆ ತೋರಿಸಿ: ಕ್ಯಾನ್ಸರ್ ಔಷಧದ ಹೆಸರು, ಪ್ರಮಾಣ, ಶುರುವಾದ ತಾರೀಖು, ಹೃದಯದ ಮಾತ್ರೆಗಳು, ಆಮಿಯೋಡರೋನ್ ಇದ್ದರೆ ನಿಲ್ಲಿಸುವ ದಿನ, ರಕ್ತ ತೆಳುಗೊಳಿಸುವ ಔಷಧ ಮತ್ತು ಅದನ್ನು ಕೊನೆಯ ಬಾರಿ ತೆಗೆದುಕೊಂಡ ಗಂಟೆ, ಇಂದಿನ ತೂಕ, ಇತ್ತೀಚಿನ ಕ್ರಿಯಾಟಿನಿನ್, ಪ್ಲೇಟ್‌ಲೆಟ್, ಮೆಗ್ನೀಸಿಯಂ, ಟಿ.ಬಿ. ಮಾತ್ರೆ ಎಂದಾದರೂ ತೆಗೆದುಕೊಂಡಿದ್ದರೆ ಅದು ನಿಂತ ದಿನ. ಕೊನೆಯ ಕ್ಯೂಟಿಸಿ, ಅದು ಯಾವ ಸೂತ್ರದ್ದು ಎಂಬುದರ ಸಮೇತ. ಹಿಂದಿನ ಇ.ಸಿ.ಜಿ. ಕಾಗದವನ್ನು ಜೆರಾಕ್ಸ್ ಮಾಡಿಸಿ ಇದರ ಜೊತೆ ಇಡಿ. ಆ ಉಷ್ಣಕಾಗದದ ಗೆರೆ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ.